ನಡೆಯುವ ತನಕ ನಡೆಯಲಿ ಎನ್ನುವವರಿಗೆ

ಶಿಗ್ಗಾವಿ ತಾಲೂಕಿನ ದುಂಡಸಿಯಂಥ ಹೋಬಳಿ ಊರುಗಳಲ್ಲಿ ಝೆರಾಕ್ಸ್ ಅಂಗಡಿಯ ಮೂಲೆಯ ಕಂಪ್ಯೂಟರು ಇವತ್ತು ರೈತನಿಗೂ ಸರಕಾರಕ್ಕೂ ನಡುವೆ ನಿಂತಿದೆ. ಉತಾರ ತೆಗೆಸುವುದಿರಲಿ, ರೈತರ ಗುರುತಿನ ಫ್ರೂಟ್ಸ್ ನಂಬರು ನೋಡುವುದಿರಲಿ, ಗೋವಿನಜೋಳದ ಬೆಳೆವಿಮೆಯ ಹಣ ಬಂತೋ ಇಲ್ಲವೋ ಎಂದು ಸಂರಕ್ಷಣೆ ಪೋರ್ಟಲ್‌ನಲ್ಲಿ ಹುಡುಕುವುದಿರಲಿ, ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದಿರಲಿ, ಅದರ ಮುಂದೆಯೇ ಪಾಳಿ ಹಚ್ಚಬೇಕು. 2000ನೇ ಇಸವಿಯ ಹೊತ್ತಿಗೆ ಭೂಮಿ ಯೋಜನೆ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು. ಅದರ ಹಿಂದೆ ಜಾತಿ ಪ್ರಮಾಣಪತ್ರ, ಪಿಂಚಣಿ, ರೇಶನ್ ಕಾರ್ಡು ಒಂದೊಂದೇ ಅದೇ ದಾರಿ ಹಿಡಿದವು. ಈ ಕಾಗದಗಳನ್ನು ಕಾಯುವ ಜವಾಬ್ದಾರಿಯನ್ನು ಮಾತ್ರ ಯಾರೂ ಹೊತ್ತುಕೊಳ್ಳಲಿಲ್ಲ.

ಆ ಕಂಪ್ಯೂಟರು ಹಳೆಯದು. ಹಳೆಯದಾಗಿರುವುದಕ್ಕೆ ನನ್ನ ತಕರಾರಿಲ್ಲ. ಹತ್ತು ವರ್ಷದ ಯಂತ್ರವನ್ನು ಇನ್ನೂ ಐದು ವರ್ಷ ದುಡಿಸಿಕೊಳ್ಳುವವನು ಜಾಣ. ಸಿಟ್ಟು ಬರುವುದು ಅದರ ಬಗ್ಗೆ ಕೇಳಿದಾಗ ಸಿಗುವ ಉತ್ತರಕ್ಕೆ. "ನಡ್ಯಾಕತ್ತೈತಲ್ರೀ, ಸುಮ್ನ ಯಾಕ ಮುಟ್ಟೂದು?" ಟ್ರ್ಯಾಕ್ಟರಿನ ಆಯಿಲ್ ಬದಲಿಸಲು ಗಂಟೆಯ ಲೆಕ್ಕ ಇಡುವ ಮನೆಯ ಹುಡುಗನೇ ಊರವರೆಲ್ಲರ ಆಧಾರ್ ಹಾಯ್ದುಹೋಗುವ ಕಂಪ್ಯೂಟರಿನ ವಿಷಯದಲ್ಲಿ ಹೀಗೆ ಮಾತಾಡುತ್ತಾನೆ. ಟ್ರ್ಯಾಕ್ಟರು ಕೆಟ್ಟರೆ ನಷ್ಟ ಅವನದು. ಕಂಪ್ಯೂಟರಿಗೆ ಕಳ್ಳ ಹೊಕ್ಕರೆ ನಷ್ಟ ಊರಿನದು. ಉದಾಸೀನದ ಬೇರು ಇರುವುದು ಇಲ್ಲೇ.

ಒಂದು ಅಂಗಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಪರದೆಯ ಬಲಮೂಲೆಯಲ್ಲಿ ಗಡಿಯಾರ 2009ನೇ ಇಸವಿಯ ಜನವರಿ ತೋರಿಸುತ್ತಿತ್ತು. ಯಾವ ಸರಕಾರಿ ತಾಣ ತೆರೆದರೂ 'ಈ ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ. ಅಂಗಡಿಯವನು ಅದನ್ನು ಓದಲಿಲ್ಲ. 'ಅಡ್ವಾನ್ಸ್ಡ್' ಒತ್ತಿದ, ಕೆಳಗಿನ 'ಪ್ರೊಸೀಡ್' ಒತ್ತಿದ, ಗಿರಾಕಿಯ ಪಾಸ್‌ವರ್ಡ್ ಹೊಡೆದ. ಕೇಳಿದರೆ, "ಅದು ದಿನಾ ಹಂಗ ಬರ್ತೈತ್ರೀ" ಎಂದ. ಕಾರಣ ಮದರ್‌ಬೋರ್ಡಿನ ಮೇಲಿರುವ ಬಿಲ್ಲೆಯಾಕಾರದ ಸೆಲ್ಲು, ಸಿಆರ್ 2032. ಕರೆಂಟು ಹೋದಾಗಲೂ ದಿನಾಂಕವನ್ನು ನೆನಪಿಡುವುದು ಅದರ ಕೆಲಸ. ಅದು ಸತ್ತರೆ ಪ್ರತಿಸಲ ಆನ್ ಮಾಡಿದಾಗಲೂ ತಾರೀಖು ಹಿಂದಕ್ಕೆ ಓಡುತ್ತದೆ. ತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ದಿನವೂ ಮುಗಿಯುವ ದಿನವೂ ಇರುತ್ತವೆ. ಗಡಿಯಾರ ತಪ್ಪಿದರೆ ಬ್ರೌಸರು ಯಾವ ತಾಣವನ್ನೂ ನಂಬುವುದಿಲ್ಲ. ಗಡಿಯಾರದ ಅಂಗಡಿಯಲ್ಲೂ ಸಿಗುವ ಕೆಲವೇ ರೂಪಾಯಿಯ ಸೆಲ್ಲು ಹಾಕಿದ್ದರೆ ಮುಗಿಯುತ್ತಿತ್ತು. ಅದನ್ನು ಹಾಕದೆ, ಎಚ್ಚರಿಕೆಯನ್ನು ದಾಟಿ ಹೋಗುವುದನ್ನೇ ಕೈಗೆ ಕಲಿಸಿದ್ದಾನೆ. ನಾಳೆ ನಿಜವಾಗಿ ನಕಲಿ ತಾಣ ತೆರೆದುಕೊಂಡರೂ ಆ ಕೈ ನಿಲ್ಲುವುದಿಲ್ಲ.

ಈಗ ವಿಂಡೋಸ್ ಮಾತು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕಂಪನಿ ಭದ್ರತೆಯ ತೇಪೆ ಹಾಕುವುದನ್ನು 2014ರ ಏಪ್ರಿಲ್ 8ಕ್ಕೆ ನಿಲ್ಲಿಸಿತು. ವಿಂಡೋಸ್ 7ಕ್ಕೆ 2020ರ ಜನವರಿ 14 ಕೊನೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಇವೆಲ್ಲ ವರ್ಷಗಳ ಮೊದಲೇ ಸಾರಿದ ತಾರೀಖುಗಳು. ಆದರೂ ವಿಂಡೋಸ್ 7ರ ಮೇಲೆ ಬ್ಯಾಂಕಿನ ಕೆಲಸ ಮಾಡುವವರು ಇದ್ದಾರೆ. ಕ್ರೋಮ್ ಬ್ರೌಸರು 109ನೇ ಆವೃತ್ತಿಯ ನಂತರ ವಿಂಡೋಸ್ 7ನ್ನು ಕೈಬಿಟ್ಟು ವರ್ಷಗಳಾದವು. ಮೇಲೆ ಪಟ್ಟಿಯಲ್ಲಿ ಬರುವ ಸೂಚನೆಯನ್ನು ಗುಣಾಕಾರ ಚಿಹ್ನೆ ಒತ್ತಿ ಮುಚ್ಚುವುದೇ ಅಲ್ಲಿ ದಿನದ ಮೊದಲ ಕೆಲಸ.

ನಮ್ಮಂಥ ಸಣ್ಣ ಊರಿನ ಕಂಪ್ಯೂಟರಿಗೆ ಯಾರು ಕನ್ನ ಹಾಕುತ್ತಾರೆ ಎಂದು ಕೇಳುವವರು 2017ನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ಮೇ 12ರಂದು ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಿತು. ನೂರೈವತ್ತು ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳು ಬೀಗ ಬಿದ್ದು ಕುಳಿತವು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು. ಅದು ಊರು ನೋಡಲಿಲ್ಲ, ಹೆಸರು ಕೇಳಲಿಲ್ಲ. ಜಾಲದಲ್ಲಿ ತೆರೆದು ಬಿದ್ದಿದ್ದ ಯಂತ್ರಗಳಿಗೆಲ್ಲ ತಾನಾಗಿಯೇ ನುಗ್ಗಿತು. ಅದು ನುಗ್ಗಿದ ವಿಂಡೋಸ್ ದೋಷಕ್ಕೆ ಮದ್ದನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಹೆಚ್ಚು ಪೆಟ್ಟು ತಿಂದದ್ದು ಎಕ್ಸ್‌ಪಿಯೂ ಅಲ್ಲ. ಆಗ ಇನ್ನೂ ಬೆಂಬಲವಿದ್ದ, ಅಪ್‌ಡೇಟ್ ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳು. ಮದ್ದು ಬಂದಿದ್ದರೂ ಕುಡಿಯದವರು ಬಿದ್ದರು.

ಅಪ್‌ಡೇಟ್ ಯಾಕೆ ಹಾಕುವುದಿಲ್ಲ? ನೆಟ್ ಖಾಲಿಯಾಗುತ್ತದೆ, ಯಂತ್ರ ನಿಧಾನವಾಗುತ್ತದೆ ಎನ್ನುವುದು ಹೊರಗೆ ಹೇಳುವ ಕಾರಣ. ಒಳಗಿನ ಕಾರಣ ಬೇರೆ. ಹಾಕಿರುವ ವಿಂಡೋಸ್ ಕದ್ದದ್ದು, ಅಪ್‌ಡೇಟ್ ಹಾಕಿದರೆ ಸಿಕ್ಕಿಬೀಳುವ ಭಯ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬಂದ ಕ್ರ್ಯಾಕ್ ಓಡಬೇಕಾದರೆ ಮೊದಲು ಆಂಟಿವೈರಸ್ ಬಂದ್ ಮಾಡಬೇಕು ಎಂದು ಅದರ ಜೊತೆಗಿನ ಸೂಚನೆಯೇ ಹೇಳುತ್ತದೆ. ಕಾವಲುಗಾರನನ್ನು ಹೊರಗೆ ಕಳಿಸಿದರೆ ಮಾತ್ರ ಒಳಗೆ ಬರುತ್ತೇನೆ ಎನ್ನುವ ತಂತ್ರಾಂಶವನ್ನು ಯಾವ ಧೈರ್ಯದ ಮೇಲೆ ಕರೆಯುತ್ತೀರಿ? ಹಣವಿಲ್ಲ ಎನ್ನುವುದು ಇದಕ್ಕೆ ಉತ್ತರವಲ್ಲ. ಹಣವಿಲ್ಲದವರಿಗೂ ನ್ಯಾಯವಾದ ದಾರಿಗಳಿವೆ, ಮುಂದೆ ಹೇಳುತ್ತೇನೆ.

ಇನ್ನು ಡೌನ್‌ಲೋಡ್ಸ್ ಫೋಲ್ಡರು. ಒಂದು ಸಲ ತೆರೆದು ನೋಡಿ. ಆಧಾರ್, ಆಧಾರ್ ಒಂದು, ಆಧಾರ್ ಎರಡು, ನೂರಾರು. ಯಾರದೋ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಯಾರದೋ ಖರೀದಿಪತ್ರ, ವಾಟ್ಸ್ಆ್ಯಪ್ ವೆಬ್‌ನಿಂದ ಇಳಿದ ಹೆಣ್ಣುಮಕ್ಕಳ ಫೋಟೋಗಳು. ಅವುಗಳ ಮಾಲಕರು ಪ್ರಿಂಟು ತಗೊಂಡು, ಹತ್ತು ರೂಪಾಯಿ ಕೊಟ್ಟು ಮನೆಗೆ ಹೋಗಿ ತಿಂಗಳುಗಳಾಗಿವೆ. ಕಾಗದಗಳು ಮಾತ್ರ ತೇಪೆಯಿಲ್ಲದ ಯಂತ್ರದಲ್ಲಿ, ಕದ್ದ ವಿಂಡೋಸ್ ಮೇಲೆ, ಪಾಸ್‌ವರ್ಡಿಲ್ಲದೆ ಬಿದ್ದಿವೆ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಬಳಸಿ ಬ್ಯಾಂಕ್ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು ಬಯಲಾದವು. ಇಷ್ಟಾದ ಮೇಲೂ ಸಂಜೆ ಅಂಗಡಿ ಮುಚ್ಚುವಾಗ ಆ ಫೋಲ್ಡರು ಖಾಲಿ ಮಾಡಿ, ರಿಸೈಕಲ್ ಬಿನ್ನನ್ನೂ ಬರಿದು ಮಾಡುವ ಎರಡು ನಿಮಿಷದ ಕೆಲಸಕ್ಕೆ ಸೋಮಾರಿತನವೇ? ಗಿರಾಕಿಗಳಿಗೂ ಒಂದು ಮಾತು. ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಉಚಿತವಾಗಿ ಸಿಗುತ್ತದೆ. ಕೇಳಿದವರಿಗೆಲ್ಲ ಪೂರ್ತಿ ಆಧಾರ್ ಕಳಿಸುವ ಚಟ ನಿಮ್ಮದು, ಅಂಗಡಿಯವನದಲ್ಲ.

ಯಂತ್ರ ನಿಧಾನವಾದಾಗ ಎಲ್ಲರಿಗೂ ಗೊತ್ತಿರುವ ಒಂದೇ ಔಷಧ, "ಫಾರ್ಮ್ಯಾಟ್ ಹೊಡಸ್ರಿ." ಕಾಯಿಲೆ ಏನೆಂದು ಯಾರೂ ನೋಡುವುದಿಲ್ಲ. ಬಹಳ ಸಲ ಕಾಯಿಲೆ ಹಾರ್ಡ್ ಡಿಸ್ಕಿನದು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದರೆ ಡಿಸ್ಕಿನ ಆರೋಗ್ಯ ಬಣ್ಣದಲ್ಲೇ ಕಾಣುತ್ತದೆ. ನೀಲಿ ಇದ್ದರೆ ಚೆನ್ನಾಗಿದೆ, ಹಳದಿಯಾದರೆ ಎಚ್ಚರ, ಕೆಂಪಾದರೆ ಅವತ್ತೇ ಕಡತಗಳನ್ನು ಬೇರೆಡೆ ಇಳಿಸಬೇಕು. ಪಟ್ಟಿಯಲ್ಲಿ 05 ಮತ್ತು ಸಿ5 ಎಂಬ ಸಾಲುಗಳನ್ನು ನೋಡಿ. ಕೆಟ್ಟ ಜಾಗಗಳನ್ನು ಬಿಟ್ಟು ಡಿಸ್ಕು ಎಷ್ಟು ಸಲ ಬೇರೆ ಜಾಗಕ್ಕೆ ಹೋಗಿದೆ, ಇನ್ನೆಷ್ಟು ಜಾಗ ಓದಲಾಗದೆ ಬಾಕಿ ಇದೆ ಎಂಬ ಲೆಕ್ಕ ಅಲ್ಲಿದೆ. ಸಾಯುತ್ತಿರುವ ಡಿಸ್ಕಿಗೆ ಫಾರ್ಮ್ಯಾಟ್ ಹೊಡೆದರೆ ಉಳಿದ ಕಡತವೂ ಹೋಗುತ್ತದೆ, ಹದಿನೈದು ದಿನಕ್ಕೆ ಮತ್ತೆ ಅದೇ ನಿಧಾನ.

ಡಿಸ್ಕು ಬದಲಿಸಿ ಎಸ್‌ಎಸ್‌ಡಿ ಹಾಕಿ. ಹಳೆ ಯಂತ್ರಕ್ಕೆ ಖರ್ಚು ಮಾಡುವ ಹಣದಲ್ಲಿ ಇದಕ್ಕಿಂತ ಒಳ್ಳೆಯ ಖರ್ಚಿಲ್ಲ. ಐದು ನಿಮಿಷ ತಿರುಗಿ ತಿರುಗಿ ಏಳುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ಏಳುತ್ತದೆ. ರ್‍ಯಾಮ್ ನಾಲ್ಕು ಜಿಬಿ ಇದ್ದರೆ ಎಂಟು ಮಾಡಿ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟ ತೆರೆದು, ಯಂತ್ರದ ಜೊತೆ ತಾನೂ ಏಳುವ ಬೇಡದ ತಂತ್ರಾಂಶಗಳನ್ನು ನಿಲ್ಲಿಸಿ. ಇನ್ನೂ ಒಳಗೆ ಹೋಗಿ ನೋಡಬೇಕೆಂದರೆ ಮೈಕ್ರೋಸಾಫ್ಟ್‌ನದೇ ಆಟೋರನ್ಸ್ ಇದೆ. ಜಾಗ ತಿಂದವರು ಯಾರೆಂದು ವಿಜ್‌ಟ್ರೀ ತೋರಿಸುತ್ತದೆ. ಪಿಡಿಎಫ್ ನೋಡಲು ಭಾರದ ತಂತ್ರಾಂಶ ಬೇಡ, ಸುಮಾತ್ರಾ ಪಿಡಿಎಫ್ ಸಾಕು. ಕದ್ದ ಆಫೀಸ್ ತೆಗೆದು ಲಿಬ್ರೆ ಆಫೀಸ್ ಹಾಕಿ. ಬ್ರೌಸರಿಗೆ ಜಾಹೀರಾತು ತಡೆ ಹಾಕಿ. ನಕಲಿ ಡೌನ್‌ಲೋಡ್ ಗುಂಡಿಗಳು ಮಾಯವಾದರೇ ಅರ್ಧ ವೈರಸ್ ಬರುವುದು ನಿಲ್ಲುತ್ತದೆ. ಒಂದೇ ಕ್ಲಿಕ್ಕಿಗೆ ವೇಗ ಹೆಚ್ಚಿಸುತ್ತೇನೆ ಎನ್ನುವ ಕ್ಲೀನರುಗಳನ್ನು ಮಾತ್ರ ದೂರ ಇಡಿ. ಹೆಸರುವಾಸಿ ಸಿಸಿಕ್ಲೀನರಿನ 5.33ನೇ ಆವೃತ್ತಿಯೊಳಗೇ 2017ರಲ್ಲಿ ಕಳ್ಳರು ಸೇರಿಕೊಂಡಿದ್ದರು. ಕಂಪನಿಯ ತಾಣದಿಂದಲೇ ಅದು ಲಕ್ಷಾಂತರ ಯಂತ್ರಗಳಿಗೆ ಇಳಿದಿತ್ತು.

ಯಂತ್ರದ ಹೊರಗೂ ಗಮನವಿರಲಿ. ಕ್ಯಾಬಿನೆಟ್ಟಿಗೆ ಕೈ ತಾಗಿದರೆ ಜುಮ್ಮೆನ್ನುತ್ತದೆ ಎಂದರೆ ಗೋಡೆಯಲ್ಲಿ ಅರ್ಥಿಂಗ್ ಇಲ್ಲ ಎಂದು ತಿಳಿಯಬೇಕು. ಅದಕ್ಕೆ ಮರದ ಹಲಗೆಯ ಮೇಲೆ ಕಾಲಿಟ್ಟು ಕೂರುವುದು ಪರಿಹಾರವಲ್ಲ. ಬ್ಯಾಟರಿ ಸತ್ತ ಯುಪಿಎಸ್ಸನ್ನು ಬರೀ ಪ್ಲಗ್ ಪಾಯಿಂಟಾಗಿ ಬಳಸುವುದನ್ನು ಬಿಡಿ.

ಈಗ ನ್ಯಾಯವಾದ ದಾರಿಗಳಿಗೆ ಬರುತ್ತೇನೆ. ವಿಂಡೋಸ್ 10 ಇರುವವರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ತೇಪೆಗಳನ್ನು ಘೋಷಿಸಿತು. 22ಎಚ್2 ಆವೃತ್ತಿಯಿದ್ದು, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್‌ಗಳ ಬ್ಯಾಕಪ್ ಒಪ್ಪಿಕೊಂಡರೆ ಮನೆಬಳಕೆಯವರಿಗೆ ಅದು ಉಚಿತ. ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ತನ್ನ ವೈರಸ್ ಪಟ್ಟಿಯನ್ನು 2028ರವರೆಗೂ ಹೊಸದು ಮಾಡಿಕೊಳ್ಳುತ್ತದೆ. ಆದರೆ ಡಿಫೆಂಡರ್ ಇದೆಯೆಂದು ತೇಪೆ ಬೇಡ ಎನ್ನಬೇಡಿ. ವಿಂಡೋಸಿನ ಒಳಗಿನ ತೂತನ್ನು ಅದು ಮುಚ್ಚುವುದಿಲ್ಲ. ಇನ್ನು ರೂಫಸ್ ಎಂಬ ತಂತ್ರಾಂಶ ಬಳಸಿ ಹಳೆ ಯಂತ್ರಕ್ಕೆ ವಿಂಡೋಸ್ 11 ತುರುಕುವವರಿದ್ದಾರೆ. ಟಿಪಿಎಂ ಎಂಬ ಭದ್ರತಾ ಚಿಪ್ ಇಲ್ಲದ ಯಂತ್ರದಲ್ಲೂ ಅದು ಏರುತ್ತದೆ, ನಿಜ. ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ಕಂಪನಿಯದಲ್ಲ. ಕೋರ್ 2 ಡುವೊ ಕಾಲದ ಯಂತ್ರದಲ್ಲಿ 24ಎಚ್2 ಆವೃತ್ತಿ ಏಳುವುದೇ ಇಲ್ಲ, ಅದಕ್ಕೆ ಬೇಕಾದ ಆದೇಶಗಳು ಆ ಪ್ರೊಸೆಸರಿನಲ್ಲಿಲ್ಲ.

ಕನ್ನಡಿಗರು ಹಳೆ ವಿಂಡೋಸಿಗೆ ಅಂಟಿಕೊಂಡಿರುವುದಕ್ಕೆ ನಮ್ಮದೇ ಆದ ಇನ್ನೊಂದು ಕಾರಣವಿದೆ. ಲಗ್ನಪತ್ರಿಕೆ, ಕರಪತ್ರ, ಸಂಘದ ವರದಿ ಮಾಡುವ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಪೇಜ್‌ಮೇಕರ್ 7 ಮತ್ತು ನುಡಿ ತಂತ್ರಾಂಶದ ಹಳೆ ಅಕ್ಷರಗಳು ಆಳುತ್ತಿವೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಯೂನಿಕೋಡ್ ಅದಕ್ಕೆ ಗೊತ್ತೇ ಇಲ್ಲ. ಹಳೆ ನುಡಿಯಲ್ಲಿ ಹೊಡೆದ ಕಡತವನ್ನು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಹೋಗಿ ರೋಮನ್ ಅಕ್ಷರಗಳ ಕಸ ಕಾಣುತ್ತದೆ. ಇಪ್ಪತ್ತು ವರ್ಷದ ಕೆಲಸ ಹೀಗೆ ಸಿಕ್ಕಿಕೊಂಡಿರುವಾಗ ಆ ಯಂತ್ರ ಬಿಸಾಡಿ ಎಂದು ನಾನು ಹೇಳುವುದಿಲ್ಲ. ಇಟ್ಟುಕೊಳ್ಳಿ, ನೆಟ್ಟಿನ ತಂತಿ ಕಿತ್ತು ಇಟ್ಟುಕೊಳ್ಳಿ. ಪಿಡಿಎಫ್ ಮಾಡಿ ಹೊರಗೆ ತರಲು ಒಂದು ಪೆನ್‌ಡ್ರೈವ್ ಮೀಸಲಿಡಿ, ಅದು ಗಿರಾಕಿಗಳ ಕೈಗೆ ಹೋಗಬಾರದು. ಹಳೆ ಕಡತಗಳನ್ನು ಬಿಡುವಿದ್ದಾಗ ಯೂನಿಕೋಡಿಗೆ ಬದಲಿಸುತ್ತ ಬನ್ನಿ, ಪರಿವರ್ತಕಗಳು ಉಚಿತವಾಗಿಯೇ ಇವೆ. ಹೊಸ ಕೆಲಸವನ್ನು ಮಾತ್ರ ಇನ್ನು ಮೇಲೆ ಹಳೆ ಅಕ್ಷರಗಳಲ್ಲಿ ಶುರು ಮಾಡಲೇಬೇಡಿ. ನಿಮ್ಮ ಡಿಸ್ಕು ಸತ್ತ ದಿನ ಊರಿನ ಎರಡು ದಶಕದ ಬರಹವೂ ಸಾಯುತ್ತದೆ. ಅದರ ಎರಡನೇ ಪ್ರತಿ ನಿಮ್ಮಲ್ಲಿ ಎಷ್ಟು ಜನರ ಬಳಿ ಇದೆ?

ವಿಂಡೋಸ್ ಬಿಟ್ಟು ಉಚಿತವಾದ ಲಿನಕ್ಸಿಗೆ ಹೋದರೆ ಕೀಲಿಮಣೆ ಮರೆತುಹೋಗುತ್ತದೆ ಎಂಬ ಭಯ ಸುಳ್ಳು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ನುಡಿಯಲ್ಲಿ ನಿಮ್ಮ ಬೆರಳಿಗೆ ಕೂತಿರುವ ಅದೇ ಕಗಪ, ಲಿನಕ್ಸಿನಲ್ಲಿ ಮೊದಲಿಂದಲೇ ಸಿದ್ಧವಾಗಿದೆ. ಲಿನಕ್ಸ್ ಮಿಂಟ್‌ನ ಹಗುರ ರೂಪವಾದ ಎಕ್ಸ್‌ಎಫ್‌ಸಿಇ ನಾಲ್ಕು ಜಿಬಿ ರ್‍ಯಾಮಿನ ಯಂತ್ರದಲ್ಲಿ ಸಲೀಸಾಗಿ ಓಡುತ್ತದೆ. ಮಿಂಟ್ 22ಕ್ಕೆ 2029ರವರೆಗೆ ತೇಪೆ ಸಿಗುತ್ತದೆ, ಒಂದು ಪೈಸೆ ಕೊಡಬೇಕಿಲ್ಲ. ಪಕ್ಕದ ಕೇರಳ ತನ್ನ ಶಾಲೆಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ಒಯ್ದು ಎಷ್ಟೋ ವರ್ಷಗಳಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲೇ ಕಲಿಯುತ್ತಿದ್ದಾರೆ. ನಮ್ಮ ಶಾಲೆಗಳಲ್ಲಿ ಕಂಪ್ಯೂಟರ್ ಕೋಣೆಗೆ ಬೀಗ ಹಾಕಿ, ಯಂತ್ರಗಳ ಮೇಲೆ ಬಟ್ಟೆ ಹೊದಿಸಿ, ದುರಸ್ತಿಗೆ ಅನುದಾನ ಬಂದಿಲ್ಲ ಎಂದು ಬರೆದಿಡುವ ಮುಖ್ಯೋಪಾಧ್ಯಾಯರು ಇದನ್ನು ಓದಿ ನಾಚಬೇಕು. ಆ ಯಂತ್ರಗಳಿಗೆ ಬೇಕಿರುವುದು ಅನುದಾನಕ್ಕಿಂತ ಮೊದಲು ಒಂದು ಶನಿವಾರದ ಮಧ್ಯಾಹ್ನ ಮತ್ತು ಒಂದು ಪೆನ್‌ಡ್ರೈವ್.

ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇಂಥವು ವಿಂಡೋಸನ್ನೇ ಬೇಡುವುದುಂಟು. ಅದಕ್ಕಾಗಿ ಬೆಂಬಲವಿರುವ ಅಸಲಿ ವಿಂಡೋಸಿನ ಒಂದು ಯಂತ್ರ ಇಟ್ಟುಕೊಂಡು, ಉಳಿದ ಪ್ರಿಂಟು, ಟೈಪಿಂಗು, ಅರ್ಜಿಗಳ ಕೆಲಸ ಲಿನಕ್ಸಿಗೆ ಬಿಡಿ.

ಬೆಳೆವಿಮೆಯ ಕೊನೆಯ ದಿನ ಹತ್ತಿರ ಬಂದಾಗ ಅಂಗಡಿ ಮುಂದೆ ಜನ ಸೇರುತ್ತಾರೆ, ಆಗ ಯಾರಿಗೂ ಪುರಸೊತ್ತು ಇರುವುದಿಲ್ಲ. ಅದಕ್ಕೂ ಮೊದಲು, ಈ ವಾರವೇ, ಒಂದು ದಿನ ಬಾಗಿಲು ಹಾಕಿ ಕೂತುಕೊಳ್ಳಿ. ಸೆಲ್ಲು ಬದಲಿಸಿ, ಡಿಸ್ಕಿನ ಬಣ್ಣ ನೋಡಿ, ಊರವರ ಕಾಗದಗಳನ್ನು ಅಳಿಸಿ, ಕ್ರ್ಯಾಕ್ ಕಿತ್ತು ಹಾಕಿ. ಅಷ್ಟು ಮಾಡಲು ಮನಸ್ಸಿಲ್ಲದಿದ್ದರೆ ಇನ್ನೊಬ್ಬರ ಆಧಾರ್ ಕೈಗೆ ತೆಗೆದುಕೊಳ್ಳಬೇಡಿ.