ಕುರಿಯ ಉಣ್ಣೆ, ದೇವರ ದೀಪ

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಡೆವನ್ ಎಂಬುದೊಂದು ಪ್ರಾಂತ. ಅದರ ಉತ್ತರದಂಚಿನ ಗುಡ್ಡಗಾಡಿನಲ್ಲಿ ಮೋರ್‌ಬಾತ್ ಎಂಬ ಚಿಕ್ಕ ಹಳ್ಳಿಯಿದೆ. 16ನೆಯ ಶತಮಾನದಲ್ಲಿ ಅಲ್ಲಿದ್ದುದು 30ಕ್ಕೆ ತುಸು ಹೆಚ್ಚು ಕುಟುಂಬಗಳು; ಬಹುಮಟ್ಟಿಗೆ ಕುರಿ ಸಾಕಿ ಬದುಕುವ ಒಕ್ಕಲು. ಆ ಊರ ಚರ್ಚಿಗೆ 1520ರಲ್ಲಿ ಪಾದ್ರಿಗಳಾಗಿ ಬಂದ ಕ್ರಿಸ್ಟೋಫರ್ ಟ್ರಿಕಿಯವರು 1574ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಚರ್ಚಿನ ಜಮಾಖರ್ಚನ್ನು ಕೈಯಾರೆ ಬರೆದು, ವರ್ಷ ವರ್ಷವೂ ಊರವರ ಮುಂದೆ ಓದಿ ಹೇಳುತ್ತಿದ್ದರು. ಆ ಲೆಕ್ಕದ ಪುಸ್ತಕ ಸುದೈವದಿಂದ ಉಳಿದುಬಂದಿದೆ. ಇತಿಹಾಸಕಾರ ಏಮನ್ ಡಫಿಯವರು ಅದನ್ನು ಆಧರಿಸಿ 2001ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಲೆಕ್ಕವು ಅರ್ಥವಾಗಬೇಕಾದರೆ ಮೊದಲು ಕಟ್ಟಡವನ್ನು ಅರಿಯಬೇಕು. ಮಧ್ಯಯುಗದ ಇಂಗ್ಲಿಷ್ ಊರ ಚರ್ಚು ಪೂರ್ವ ಪಶ್ಚಿಮವಾಗಿ ಚಾಚಿಕೊಂಡ ಕಲ್ಲಿನ ಕಟ್ಟಡ. ಪಶ್ಚಿಮಕ್ಕೆ ಸಾಮಾನ್ಯವಾಗಿ ಗಂಟೆಗಳ ಗೋಪುರ. ಬಾಗಿಲೊಳಗೆ ಅಡಿಯಿಟ್ಟರೆ ಶಿಶುಗಳ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ. ತೊಟ್ಟಿಗೆ ಮುಚ್ಚಳ, ಮುಚ್ಚಳಕ್ಕೆ ಬೀಗ! ಪವಿತ್ರಜಲವನ್ನು ಮಾಟಮಂತ್ರಕ್ಕೆ ಕದ್ದೊಯ್ದಾರೆಂಬ ಅಂಜಿಕೆ ಆ ಕಾಲದವರಿಗಿತ್ತು. ಮುಂದೆ ಜನರು ಕೂಡುವ ವಿಶಾಲವಾದ ಭಾಗ. ಅದಕ್ಕೆ ನೇವ್ ಎನ್ನುವರು. ಪೂರ್ವದ ತುದಿಯಲ್ಲಿ ಮುಖ್ಯ ವೇದಿಯಿರುವ ಭಾಗ ಚಾನ್ಸೆಲ್. ಒಂದನ್ನು ನವರಂಗವೆಂದೂ ಇನ್ನೊಂದನ್ನು ಗರ್ಭಗುಡಿಯೆಂದೂ ತಿಳಿದರೆ ಪೂರ್ತಿ ಸರಿಯಾಗದು. ಆದರೂ ದಾರಿ ತಿಳಿಯುತ್ತದೆ.

ಇವೆರಡರ ನಡುವೆ ಕೆತ್ತನೆಯ ಮರದ ತಡಿಕೆ ನಿಲ್ಲುತ್ತಿತ್ತು. ಅದರ ಕೆಳಹಲಗೆಗಳ ಮೇಲೆ ಸಂತರ ಚಿತ್ರಗಳು, ಮೇಲೆ ಅಟ್ಟ, ಅಟ್ಟದ ಮೇಲೆ ಶಿಲುಬೆಗೇರಿದ ಏಸುವಿನ ಮೂರ್ತಿ, ಇಕ್ಕೆಲಗಳಲ್ಲಿ ಮೇರಿ ಮತ್ತು ಯೋಹಾನರು. ಅಂತಹ ತಡಿಕೆಯ ಒಂದು ಉತ್ತಮ ಮಾದರಿಯನ್ನು ಇಂದಿಗೂ ನಾರ್ಫೋಕಿನ ರ‍್ಯಾನ್‌ವರ್ತ್ ಎಂಬ ಊರಿನಲ್ಲಿ ಕಾಣಬಹುದು.

ಆದರೆ ನಮ್ಮ ಗಮನ ಸೆಳೆದುದು ಕೆತ್ತನೆಯಲ್ಲ, ಕಟ್ಟಳೆ. ಚಾನ್ಸೆಲಿನ ದುರಸ್ತಿ ಊರವರಿಂದ ದಶಮಾಂಶ ಪಡೆಯುವ ರೆಕ್ಟರನ ಹೊಣೆ. ನೇವಿನ ದುರಸ್ತಿ ಊರವರ ಹೊಣೆ. 13ನೆಯ ಶತಮಾನದಿಂದಲೂ ಹೀಗೆಯೇ ನಡೆದುಬಂದಿತ್ತು. ಹೊಣೆಯಿದ್ದಲ್ಲಿ ಹಕ್ಕೂ ಬೆಳೆಯುವುದು ಸಹಜವಷ್ಟೆ. ನೇವಿನ ಸೂರು, ಅಲ್ಲಿಯ ಮೂರ್ತಿ, ಉರಿಯುವ ಮೇಣದ ದೀಪ ಇವೆಲ್ಲವೂ ತಮ್ಮವೆಂದು ಆ ಕುರುಬರು ಬಗೆದರು. ಲೆಕ್ಕ ನೋಡಿಕೊಳ್ಳಲು ತಮ್ಮಲ್ಲಿಯೇ ಪಾರುಪತ್ಯಗಾರರನ್ನು ನೇಮಿಸಿಕೊಂಡರು. ಮೋರ್‌ಬಾತಿನಲ್ಲಿ ಈ ಹೊಣೆಯನ್ನು ವಿಧವೆಯರೂ ಹೊತ್ತಿದ್ದರೆಂಬುದನ್ನು ನಮ್ಮ ಸೋದರಿಯರು ಗಮನಿಸಬೇಕು.

ಚರ್ಚಿಗೆ ತನ್ನದೇ ಕುರಿಗಳಿದ್ದವು. ಅವು ಊರವರ ಮಂದೆಗಳಲ್ಲಿ ಹಂಚಿಕೊಂಡು ಮೇಯುತ್ತಿದ್ದವು. ಯಾರ ಮನೆಯಲ್ಲಿ ಎಷ್ಟಿವೆ, ಯಾವುದು ಸತ್ತಿತು ಎಂಬುದೆಲ್ಲ ಲೆಕ್ಕದಲ್ಲಿದೆ. ಉಣ್ಣೆ ಮಾರಿದ ಹಣ ದೀಪಗಳಿಗೆ. ಮೇಣಕ್ಕೆಂದು ಜೇನುಹುಳುಗಳನ್ನೇ ಕೊಟ್ಟವರೂ ಉಂಟು. ಊರ ತರುಣರದೊಂದು ನಿಧಿ, ಕನ್ನೆಯರದೊಂದು ನಿಧಿ. ಅವರವರೇ ಸಂಗ್ರಹಿಸಿ ಅವರವರೇ ಲೆಕ್ಕ ಒಪ್ಪಿಸುತ್ತಿದ್ದರು. ಪಾದ್ರಿಗಳು ಸಿಡ್‌ವೆಲ್ ಎಂಬ ಸಂತಳ ಮೂರ್ತಿಯನ್ನು ತಾವಾಗಿ ಮಾಡಿಸಿಕೊಟ್ಟಿದ್ದರು. ಊರವರ ಭಕ್ತಿ ಬೆಳೆದು ಆ ಮೂರ್ತಿಗೆ ಬೆಳ್ಳಿಯ ಪಾದರಕ್ಷೆಯೂ ಬಂದಿತು. 1534ರಲ್ಲಿ ಕಳ್ಳನೊಬ್ಬ ಒಳಹೊಕ್ಕು ಆ ಪಾದರಕ್ಷೆಯನ್ನೂ ಪೂಜೆಯ ಬೆಳ್ಳಿ ಬಟ್ಟಲನ್ನೂ ಕದ್ದೊಯ್ದ. ಆಗ ಊರ ಬೊಕ್ಕಸದಿಂದ ಒಂದು ಕಾಸನ್ನೂ ಕೇಳದೆ ಹೊಸ ಬಟ್ಟಲನ್ನು ತಂದುಕೊಟ್ಟವರು ಆ ತರುಣ ತರುಣಿಯರೇ.

ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದ ನಮಗೆ ಕಟ್ಟಡದ ಮೇಲೆ, ಮೂರ್ತಿಯ ಮೇಲೆ ಇಷ್ಟೊಂದು ಮಮತೆಯೇಕೆಂದು ಮೊದಲು ತೋರಿತು. ಮಠದಲ್ಲಿ ಕಲಿತ ಪಾಠವೂ ಹಾಗೆಯೇ ನುಡಿಯಿತು. ಆದರೆ ಆ ಕಾಸುಗಳ ಲೆಕ್ಕದ ಮುಂದೆ ಆ ಮಾತು ನಮ್ಮ ನಾಲಗೆಯಲ್ಲಿಯೇ ನಿಂತಿತು.

ಸತ್ತವರ ಪೂಜೆಗೆ ಬೇಕಾದ ಕಪ್ಪು ಪೂಜಾವಸ್ತ್ರಗಳಿಗಾಗಿ ಟ್ರಿಕಿಯವರು ಸುಮಾರು 20 ವರ್ಷ ತಮ್ಮ ಪಾಲಿನ ಆದಾಯದಿಂದಲೂ ಊರವರ ಕಾಣಿಕೆಯಿಂದಲೂ ಹಣ ಕೂಡಿಸಿದರು. 1547ರಲ್ಲಿ ಅವು ಕೈಸೇರಿದವು. ಅದೇ ವರ್ಷ ಎಂಟನೆಯ ಹೆನ್ರಿ ಸತ್ತು, ಒಂಬತ್ತು ವರ್ಷದ ಮಗ ಎಡ್ವರ್ಡ್ ಪಟ್ಟವೇರಿದ. ಬಾಲಕನ ಹೆಸರಿನಲ್ಲಿ ಆಳುವವರು ಹೊಸ ಮತದವರು. ಮೂರ್ತಿಗಳ ಮುಂದಿನ ದೀಪಗಳು ಆರಬೇಕೆಂದು ಆಜ್ಞೆಯಾಯಿತು. 1548ರಲ್ಲಿ ಮೂರ್ತಿಗಳೇ ಇರಕೂಡದೆಂದಾಯಿತು. ದೀಪವಿಲ್ಲದ ಮೇಲೆ ಕುರಿಗಳೇಕೆ? ಅವೂ ಮಾರಾಟವಾದವು. ತರುಣರ ನಿಧಿ, ಕನ್ನೆಯರ ನಿಧಿ ಮುಚ್ಚಿದವು. ಸತ್ತವರಿಗಾಗಿ ಮಾಡುವ ಪೂಜೆಯೂ ನಿಂತು, ಆ ಕಪ್ಪುವಸ್ತ್ರಗಳಿಗೆ ಕೆಲಸವೇ ಇಲ್ಲದಂತಾಯಿತು.

1549ರಲ್ಲಿ ಇಂಗ್ಲಿಷಿನ ಹೊಸ ಪ್ರಾರ್ಥನಾ ಪುಸ್ತಕವನ್ನು ಹೇರಿದಾಗ ಡೆವನ್ ಮತ್ತು ಕಾರ್ನ್‌ವಾಲ್ ಪ್ರಾಂತಗಳು ದಂಗೆಯೆದ್ದವು. ಮೋರ್‌ಬಾತಿನಂತಹ ಶಾಂತ ಊರೂ ಐವರನ್ನು ಖರ್ಚುಕೊಟ್ಟು ಎಕ್ಸೆಟರ್ ನಗರದ ಬಳಿಯ ದಂಗೆಕೋರರ ಪಾಳೆಯಕ್ಕೆ ಕಳುಹಿತೆಂದು ಡಫಿಯವರು ಲೆಕ್ಕದ ಬರವಣಿಗೆಯಿಂದಲೇ ನಿರ್ಣಯಿಸುತ್ತಾರೆ. ಅರಸನ ಸೈನ್ಯ ಆಗಸ್ಟ್ ತಿಂಗಳಲ್ಲಿ ದಂಗೆಯನ್ನು ತುಳಿದುಹಾಕಿತು.

1553ರಲ್ಲಿ ಹಳೆಯ ಮತದ ಮೇರಿ ರಾಣಿಯಾದಳು. ಆಗ ಕಂಡ ಸಂಗತಿಯನ್ನು ನಾವು ಎರಡು ಬಾರಿ ಓದಿದೆವು. ನಾಶವಾದುವೆಂದು ಎಣಿಸಿದ್ದ ವಸ್ತುಗಳಲ್ಲಿ ಎಷ್ಟೋ ಊರವರ ಮನೆಗಳಿಂದ ಹೊರಬಂದವು! ಒಬ್ಬನು ಮೂರ್ತಿಯೊಂದನ್ನು ತಂದ, ಇನ್ನೊಬ್ಬನು ಪುಸ್ತಕವನ್ನು. ಆಯಾ ಮನೆಯವರ ಹೆಸರುಗಳನ್ನು ಪಾದ್ರಿಗಳು ಬರೆದಿಟ್ಟಿದ್ದಾರೆ.

ಆ ಸಂತೋಷ ಐದು ವರ್ಷದ್ದು. 1558ರಲ್ಲಿ ಎಲಿಜಬೆತ್ ಸಿಂಹಾಸನವೇರಿದಳು. ಮೂರ್ತಿಗಳು ಮತ್ತೆ ಇಳಿದವು, ಹೊಸ ಪುಸ್ತಕ ಮತ್ತೆ ಬಂದಿತು. ಟ್ರಿಕಿಯವರು ಊರು ಬಿಡಲಿಲ್ಲ. ಅದೇ ಚರ್ಚಿನಲ್ಲಿ ಇಂಗ್ಲಿಷ್ ಪ್ರಾರ್ಥನೆಯನ್ನು ಓದಿದರು. 19ನೆಯ ಶತಮಾನದ ಜೀರ್ಣೋದ್ಧಾರದಲ್ಲಿ ಕಟ್ಟಡದ ಒಳಭಾಗ ಬಹಳಷ್ಟು ಬದಲಾಯಿತು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಏರಿಸಿದ ಕೂಲಿಯೂ ಇಳಿಸಿದ ಕೂಲಿಯೂ ಒಂದೇ ಕೈಬರಹದಲ್ಲಿವೆ.