ಓಮ್ನಿ ಕೊಂಡು ಮನೆ ಸಾಗಿಸಿದ್ದು ಸರಿಯೇ: ಆಕ್ಷೇಪಿಸಿದವರಿಗೆ ಉತ್ತರ

ಜೋಯಿಡಾ ತಾಲೂಕಿನ ಕುಂಬಾರವಾಡದ ಆಚೆಗಿದ್ದ ನಮ್ಮ ಹಳೆಯ ಮನೆಯಿಂದ ಹಳಿಯಾಳಕ್ಕೆ ಸಂಸಾರ ಸಾಗಿಸಲು ನಾನು ಲಾರಿ ಮಾಡಲಿಲ್ಲ. ಹಳೆಯ ಮಾರುತಿ ಓಮ್ನಿಯೊಂದನ್ನು ಕೊಂಡೆ. ಮಾರ್ಚ್ ಮೊದಲ ವಾರ ಶುರು ಮಾಡಿ, ಹದಿನಾಲ್ಕು ಸಲ ಹೋಗಿ ಬಂದು, ಮೇ ಮುಗಿಯುವುದರೊಳಗೆ ಮನೆ ಪೂರ್ತಿ ಇಳಿಸಿಕೊಂಡೆವು. ಅಂದಿನಿಂದ ಮದುವೆ ಮನೆಯಲ್ಲಿ, ಸಂತೆಯಲ್ಲಿ, ಫೋನಿನಲ್ಲಿ ಒಂದೇ ಮಾತು: ದುಡ್ಡು ಹಾಳು ಮಾಡಿದೆ, ಗುಜರಿ ಗಾಡಿ ಕಟ್ಟಿಕೊಂಡೆ, ಬಡವರ ಬಾಡಿಗೆ ತಪ್ಪಿಸಿದೆ. ಹೇಳಿದವರೆಲ್ಲ ನಮ್ಮವರೇ, ನಮ್ಮ ಒಳಿತು ಬಯಸಿದವರೇ. ಆದರೂ ಉತ್ತರ ಕೊಡಲೇಬೇಕು ಅನ್ನಿಸಿತು. ಕಾಳಿ ಹುಲಿ ಸಂರಕ್ಷಿತ ಪ್ರದೇಶದಿಂದ ಪರಿಹಾರ ಪಡೆದು ಹೊರಬರುವವರು, ಮಕ್ಕಳ ಶಾಲೆಗೆಂದೋ ವಯಸ್ಸಾದವರ ಔಷಧಿಗೆಂದೋ ಪೇಟೆ ಸೇರುವವರು ನಮ್ಮ ಸುತ್ತ ಇದ್ದಾರೆ. ಈ ಮಾತುಗಳನ್ನು ಕೇಳಿ ಅವರು ಹಿಂಜರಿಯಬಾರದು.

ಮೊದಲ ಆಕ್ಷೇಪ ದಾಂಡೇಲಿಯ ಮಾವನದು. "ಒಂದು ಲಾರಿ, ಒಂದು ದಿನ, ಕೆಲಸ ಮುಗೀತು. ಬಾಡಿಗೆಯೇ ಅಗ್ಗ" ಎನ್ನುತ್ತಾರೆ. ಅವರು 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯಲ್ಲಿ ದುಡಿದವರು. ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಟ್ಟ ದಿನ ಬೆಳಿಗ್ಗೆ ಬಾಗಿಲ ಮುಂದೆ ಲಾರಿ ನಿಲ್ಲಿಸಿ, ಸಂಜೆಗೆ ಹೊಸ ಮನೆಯಲ್ಲಿ ಚಹಾ ಕುಡಿದವರು. ಅವರ ಮಟ್ಟಿಗೆ ಆ ಮಾತು ನಿಜ. ಬಾಗಿಲವರೆಗೆ ಡಾಂಬರು, ಎರಡು ಕೋಣೆ, ಪೆಟ್ಟಿಗೆಗೆ ತುಂಬಿ ಕಟ್ಟಬಹುದಾದ ಸಾಮಾನು.

ಲೆಕ್ಕವನ್ನು ಮುಚ್ಚಿಡುವುದಿಲ್ಲ. ಗಾಡಿಗೆ 95,000 ಕೊಟ್ಟೆ. ಟೈರು, ಬ್ಯಾಟರಿ, ಕ್ಲಚ್ ಪ್ಲೇಟ್ ಸೇರಿ ರಿಪೇರಿಗೆ 14,000 ಹೋಯಿತು. ಒಂದು ಕಡೆಗೆ 70 ಕಿಲೋಮೀಟರಿನ ಆಸುಪಾಸು ದಾರಿ. ಹೋಗಿ ಬರಲು ಪೆಟ್ರೋಲಿಗೆ 1,100 ರೂಪಾಯಿಯಂತೆ ಹದಿನಾಲ್ಕು ಸಲಕ್ಕೆ 15,400. ಅದೇ ಸಾಮಾನು ಟೆಂಪೋದಲ್ಲಾದರೆ ಮೂರು ಟ್ರಿಪ್ಪಿಗೆ ಮುಗಿಯುತ್ತಿತ್ತು, ಹಮಾಲಿ ಸೇರಿ 18,000ದ ಒಳಗೆ. ಗಾಡಿಯ ಬೆಲೆ ಬದಿಗಿಟ್ಟರೂ ನನಗೆ 11,000 ಚಿಲ್ಲರೆ ಹೆಚ್ಚು ಖರ್ಚಾಗಿದೆ. ಕಾಗದದ ಮೇಲೆ ಮಾವನೇ ಗೆದ್ದರು.

ಆದರೆ ನಮ್ಮದು ಕ್ವಾರ್ಟರ್ಸ್ ಅಲ್ಲ, ಹಳ್ಳಿಯ ಮನೆ. ನಾಲ್ಕು ವರ್ಷದ ಹಿಂದೆ ತಂಗಿಯ ಸಾಮಾನು ಸಾಗಿಸಲು ಬಾಡಿಗೆ ಗಾಡಿಯನ್ನೇ ಮಾಡಿದ್ದೆವು. ಡಾಂಬರು ಮುಗಿಯುವಲ್ಲಿ ಚಾಲಕ ನಿಲ್ಲಿಸಿಬಿಟ್ಟ. ಅಲ್ಲಿಂದ ಮನೆಗೆ ಒಂದು ಕಿಲೋಮೀಟರ್ ಮಣ್ಣು ದಾರಿ, ನಡುವೆ ಒಂದು ಹಳ್ಳ. ಪಾತ್ರೆ, ಹಾಸಿಗೆ, ಟ್ರಂಕು ಎಲ್ಲವನ್ನೂ ತಲೆ ಮೇಲೆ ಹೊತ್ತು ತಂದು ಪೇರಿಸುವಷ್ಟರಲ್ಲಿ ಅಕ್ಟೋಬರಿನ ಗುಡುಗು ಮಳೆ ಹೊಡೆಯಿತು. ತಾಡಪತ್ರಿ ಗಾಡಿಯ ಅರ್ಧಕ್ಕೂ ಸಾಲಲಿಲ್ಲ. ಹಳಿಯಾಳದಲ್ಲಿ ಟ್ರಂಕು ಬಿಚ್ಚಿದಾಗ ಅಪ್ಪ ಅಮ್ಮನ ಮದುವೆಯ ಆಲ್ಬಮ್ಮಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಫೋಟೋದ ಮೇಲ್ಪದರವೇ ಕಿತ್ತು ಬಂತು. ಅಪ್ಪ ಈಗಿಲ್ಲ. ಅವರ ಮದುಮಗನ ಮುಖ ಇನ್ನು ಯಾರಿಗೂ ಕಾಣುವುದಿಲ್ಲ. ಚಾಲಕನನ್ನು ನಾನು ದೂರುವುದಿಲ್ಲ. ಅವನಿಗೆ ಆ ದಿನ ಇನ್ನೊಂದು ಬಾಡಿಗೆಯಿತ್ತು, ಹಳ್ಳದಲ್ಲಿ ಗಾಡಿ ಹೂತರೆ ನಷ್ಟ ಅವನದು. ಬಾಡಿಗೆ ಗಾಡಿ ಗಂಟೆ ನೋಡಿ ಓಡುತ್ತದೆ. ಹಳ್ಳಿಯ ಮನೆ ಗಂಟೆಯ ಲೆಕ್ಕದಲ್ಲಿ ಖಾಲಿಯಾಗುವುದಿಲ್ಲ.

ಏನೇನಿತ್ತು ನೋಡಿ. ಬೀಜದ ಭತ್ತ, ಬೀಸುವ ಕಲ್ಲು, ಮೂರು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ, ತುಳಸಿ ಗಿಡ, ಗೂಡು ಸಮೇತ ಐದು ಕೋಳಿ. ಭರಣಿಗಳನ್ನು ಅಮ್ಮ ಹಳೆಯ ಕಂಬಳಿಯಲ್ಲಿ ಸುತ್ತಿ, ಸೀಟಿನ ಕೆಳಗೆ ಒಂದಕ್ಕೊಂದು ತಾಗದಂತೆ ಕೂರಿಸಿ, ದಾರಿಯುದ್ದಕ್ಕೂ ಪಾದದಿಂದ ಒತ್ತಿ ಹಿಡಿದು ಕುಳಿತಳು. ಒಂದು ತೊಟ್ಟು ಉಪ್ಪುನೀರೂ ಚೆಲ್ಲಲಿಲ್ಲ. ಓಮ್ನಿ ಆ ಹಳ್ಳ ದಾಟಿ ಜಗಲಿಯ ಪಕ್ಕಕ್ಕೇ ಬಂತು. ಜಾರು ಬಾಗಿಲು ಎಳೆದರೆ ಜಗಲಿಯಿಂದ ನೇರ ಒಳಗೆ. ಹೆಚ್ಚಿಗೆ ಕೊಟ್ಟ 11,000 ಇದಕ್ಕೆ ಹೋಯಿತು ಮಾವ. ಮೇಲಾಗಿ ಗಾಡಿ ಉಳಿದಿದೆ. ಮೊನ್ನೆ ಒಬ್ಬರು 88,000ಕ್ಕೆ ಕೇಳಿದರು.

ಎರಡನೆಯ ಮಾತು: ಹಳೆಯ ಗಾಡಿ ಕಾಡಿನ ನಡುವೆ ಕೈ ಕೊಡುತ್ತದೆ. ಕೊಟ್ಟಿತು. ಏಳನೆಯ ಟ್ರಿಪ್ಪಿನಲ್ಲಿ ಗಣೇಶಗುಡಿ ದಾಟಿದ ಮೇಲೆ ರೇಡಿಯೇಟರ್ ಹೋಸ್ ಒಡೆದು ಹಬೆ ಎದ್ದಿತು. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಬಿಸಿಯಾದದ್ದು ಮುಳ್ಳು ನೋಡುವ ಮೊದಲೇ ಮೈಗೆ ತಿಳಿಯುತ್ತದೆ. ತಕ್ಷಣ ನಿಲ್ಲಿಸಿ, ಆರಲು ಬಿಟ್ಟು, ಒಡೆದ ತುದಿ ಕತ್ತರಿಸಿ, ಕ್ಲಿಪ್ ಬಿಗಿದು, ಡಬ್ಬಿಯಲ್ಲಿದ್ದ ನೀರು ಹಾಕಿ ದಾಂಡೇಲಿ ಮುಟ್ಟಿದೆವು. ಮುಕ್ಕಾಲು ಗಂಟೆಯಲ್ಲಿ ಹೊಸ ಹೋಸ್ ಬಿತ್ತು. ನಾನು ಓಮ್ನಿಯನ್ನೇ ಆರಿಸಿದ್ದು ಇದಕ್ಕೇ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು 2019ರವರೆಗೆ ತಯಾರಾದ ಗಾಡಿ ಅದು. 796 ಸಿಸಿಯ ಮೂರು ಸಿಲಿಂಡರಿನ ಸರಳ ಎಂಜಿನ್. ಅದರ ಕೆಲಸ ಗೊತ್ತಿಲ್ಲದ ಮೆಕ್ಯಾನಿಕ್ ನಮ್ಮ ಸುತ್ತಿನ ತಾಲೂಕುಗಳಲ್ಲಿ ನನಗಂತೂ ಸಿಕ್ಕಿಲ್ಲ.

ಹಳೆಯ ಗಾಡಿ ಅಂದಮಾತ್ರಕ್ಕೆ ಕೆಟ್ಟದ್ದಲ್ಲ. ನೋಡದೆ ಕೊಂಡದ್ದು ಕೆಟ್ಟದ್ದು. ನಮ್ಮ ಕಡೆಯ ಮಳೆಗೆ ಮೊದಲು ಸಾಯುವುದು ತಗಡು, ಎಂಜಿನ್ ಆಮೇಲೆ. ಮ್ಯಾಟ್ ಎತ್ತಿ ಚಾಲಕನ ಕಾಲ ಕೆಳಗಿನ ನೆಲ ಒತ್ತಿ ನೋಡಬೇಕು. ಜಾರು ಬಾಗಿಲಿನ ಕೆಳಹಳಿ, ಹಿಂಚಕ್ರದ ಕಮಾನು, ಪಾಟಾ ಕಟ್ಟುವ ಜಾಗ ನೋಡಬೇಕು. ನಾನು ಕೊಳ್ಳುವ ಮುಂಚೆ ನೋಡಿದ ಒಂದು ಗಾಡಿಗೆ ಹೊಳೆಯುವ ಪೇಂಟ್ ಹೊಡೆದಿದ್ದರು. ಮೆಕ್ಯಾನಿಕ್ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದ ಕೂಡಲೇ ನೆಲದಿಂದ ತುಕ್ಕಿನ ಹಪ್ಪಳ ಉದುರಿತು. ಬೆಳಿಗ್ಗೆ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಹಿಂದೆ ಗ್ಯಾಸ್ ಟ್ಯಾಂಕ್ ಇದ್ದು ಆರ್‌ಸಿಯಲ್ಲಿ ಬರೀ ಪೆಟ್ರೋಲ್ ಎಂದಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟು ಬನ್ನಿ.

ಮುಂಡಗೋಡದ ಭಾವ ಎತ್ತಿದ್ದು ಇನ್ನೊಂದು. "ಹುಬ್ಬಳ್ಳಿಗೆ ಫೋನ್ ಮಾಡಿದರೆ ಎಂಥ ಗಾಡಿ ಬೇಕಾದರೂ ಬರುತ್ತದೆ, ಸ್ವಂತದ್ದೇಕೆ?" ಮುಂಡಗೋಡಕ್ಕೆ ಈ ಮಾತು ಪೂರ್ತಿ ಸರಿ. ಅಲ್ಲಿನದು ಬಯಲಿನತ್ತ ತಿರುಗಿದ ನೆಲ, ಹುಬ್ಬಳ್ಳಿಯ ನಂಟು ಹತ್ತಿರದ್ದು. 1966ರಲ್ಲಿ ನೆಲೆಯೂರಿದ ಟಿಬೆಟನ್ ಶಿಬಿರಗಳವರೆಗೂ ಒಳ್ಳೆಯ ರಸ್ತೆ. ನಾನೇ ಅಲ್ಲಿದ್ದಿದ್ದರೆ ಲಾರಿಯನ್ನೇ ಮಾಡುತ್ತಿದ್ದೆ. ಜೋಯಿಡಾದ ಚದುರಿದ ಮನೆಗಳಿಗೆ ಮಾತ್ರ ಆ ಲೆಕ್ಕ ಹೊಂದುವುದಿಲ್ಲ.

ಇನ್ನು ಕಾನೂನು. "ಆರ್‌ಟಿಓ ಗೋಜಲು, ಪೊಲೀಸರು ಹಿಡಿದರೆ ಏನು ಮಾಡ್ತಿ" ಎಂದು ಹೆದರಿಸಿದವರು ತುಂಬ ಜನ. ದಾಂಡೇಲಿಯಲ್ಲೇ ನಮ್ಮ ಕೆಎ 65 ಕಚೇರಿ ಇದೆ. ಫಾರಂ 29 ಮಾರುವವರ ತಿಳಿವಳಿಕೆ ಪತ್ರ, ಫಾರಂ 30 ಹೆಸರು ವರ್ಗಾವಣೆಯ ಅರ್ಜಿ. ಮೋಟಾರು ವಾಹನ ಕಾಯ್ದೆಯ ಪ್ರಕಾರ ರಾಜ್ಯದೊಳಗೇ ಮಾರಿದವರು 14 ದಿನದಲ್ಲಿ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಅರ್ಜಿ ಹಾಕಬೇಕು. ಇನ್ಶೂರೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರಿಗೆ 14 ದಿನ. ಗಾಡಿ ಸಾಲದ್ದಾಗಿದ್ದರೆ ಸಾಲ ತೀರಿದ್ದಕ್ಕೆ ಫಾರಂ 35 ಕೇಳಿ ಪಡೆಯಬೇಕು. ಗೋವಾದ ನಂಬರಿನ ಗಾಡಿಯಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ ಎಂದು ಕೆಲಸ ಹೆಚ್ಚುತ್ತದೆ; ನಮ್ಮ ರಾಜ್ಯದ್ದನ್ನೇ ನೋಡುವುದು ಒಳ್ಳೆಯದು. ಮಾರುವವರಿಗೂ ಇದರಲ್ಲಿ ಹಿತವಿದೆ. ಗಾಡಿ ಕೈ ಬದಲಾದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ನನಗೆ ಮಾರಿದವರಿಗೆ ಇದನ್ನು ತಿಳಿಸಿದ ಮೇಲೆ ಅವರೇ ನನಗಿಂತ ಮುಂಚೆ ಕಚೇರಿಗೆ ಬಂದು ನಿಂತಿದ್ದರು.

ಖಾಸಗಿ ಗಾಡಿಯ ನೋಂದಣಿ 15 ವರ್ಷದ್ದು. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು. ನನ್ನದು 2013ರ ಗಾಡಿ, 2028ರವರೆಗೆ ಆ ಚಿಂತೆಯಿಲ್ಲ. ಬಿಳಿ ಬೋರ್ಡಿನಲ್ಲಿ ಬಾಡಿಗೆ ಹೊಡೆದರೆ ತಪ್ಪು, ಅದನ್ನು ನಾನು ಒಂದು ದಿನವೂ ಮಾಡಿಲ್ಲ. ಸೀಟು ಕಿತ್ತು ಗಾಡಿಯ ರೂಪ ಬದಲಿಸಲಿಲ್ಲ, ಮಡಚಿ ಇಟ್ಟೆ. ಇನ್ನೂ ದೊಡ್ಡದು ಬೇಕೆನ್ನುವವರು ಮುಕ್ಕಾಲು ಟನ್ ಹೊರುವ ಹಳೆಯ ಟಾಟಾ ಏಸ್ ನೋಡಬಹುದು. ಹಳದಿ ಬೋರ್ಡಿಗೆ ಬೇರೆ ಲೈಸೆನ್ಸ್ ಬೇಕೆಂಬ ಹೆದರಿಕೆ ಈಗ ಬೇಡ. ಎಲ್‌ಎಂವಿ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಆದರೆ ಅಂಥ ಗಾಡಿಗೆ ಸುಸ್ಥಿತಿ ಪತ್ರ, ಅಂದರೆ ಎಫ್‌ಸಿ ಆಗಾಗ ಮಾಡಿಸಬೇಕು, ಎಂಟು ವರ್ಷ ದಾಟಿದ್ದಕ್ಕೆ ಪ್ರತಿ ವರ್ಷ.

ಹಳಿಯಾಳದ ಟೆಂಪೋ ಮಾಲೀಕರೊಬ್ಬರು ನನ್ನನ್ನು ನಿಲ್ಲಿಸಿ, "ನೀವೇ ಹೀಗೆ ಮಾಡಿದರೆ ನಾವು ಏನು ತಿನ್ನಬೇಕು?" ಎಂದು ಕೇಳಿದರು. ಈ ಮಾತು ನನಗೆ ನಾಟಿತು. ಅವರಿಗೆ ನನ್ನ ಉತ್ತರ ಇಷ್ಟೇ: ಕಪಾಟು, ಮಂಚ, ಫ್ರಿಜ್ ಓಮ್ನಿಯಲ್ಲಿ ಹಿಡಿಯಲಿಲ್ಲ, ಡಾಂಬರಿನವರೆಗೆ ಹೊರಿಸಿ ಒಂದು ಟ್ರಿಪ್ ಟೆಂಪೋ ಮಾಡಿದ್ದೇನೆ, ಚೌಕಾಸಿ ಮಾಡದೆ ಕೊಟ್ಟಿದ್ದೇನೆ. ಬೀಸುವ ಕಲ್ಲು ಎತ್ತಲು ಇಬ್ಬರು ಹಮಾಲರು ಎರಡು ದಿನ ಬಂದರು. ದಾಂಡೇಲಿಯ ಮೆಕ್ಯಾನಿಕ್‌ಗೂ ದುಡಿಮೆಯಾಯಿತು. ನಿಮ್ಮ ಗಾಡಿ ಬರಲಾಗದ ಕಡೆಗಷ್ಟೇ ನನ್ನ ಗಾಡಿ ಹೋಯಿತು.

ಕೊನೆಯದು ದೊಡ್ಡಮ್ಮನ ಮಾತು. ಮನೆ ಬಿಡುವುದಾದರೆ ಒಂದೇ ದಿನ, ಒಂದೇ ಮುಹೂರ್ತದಲ್ಲಿ ಬಿಡಬೇಕು. ತಿಂಗಳುಗಟ್ಟಲೆ ಎಳೆದರೆ ಮನಸ್ಸು ಎರಡೂ ಕಡೆ ನಿಲ್ಲುವುದಿಲ್ಲ ಎನ್ನುತ್ತಾಳೆ. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ್ದು ಒಳ್ಳೆಯ ದಿನ ನೋಡಿಯೇ, ದೊಡ್ಡಮ್ಮ. ಎಳೆದದ್ದು ಸಾಮಾನು ಸಾಗಿಸುವುದನ್ನು. ಅದೂ ಅಮ್ಮನಿಗಾಗಿ.

ಅಮ್ಮನ ತವರು ಸೂಪಾ ಹಿನ್ನೀರಿನಲ್ಲಿದೆ. ಕಾಳಿಗೆ ಕಟ್ಟಿದ 101 ಮೀಟರ್ ಎತ್ತರದ ಆ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಸೂಪಾ ಪೇಟೆಯೇ ಮುಳುಗಿ ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಊರು ಕಳೆದುಕೊಂಡವರಿಗೆ ರಾಮನಗರದಲ್ಲಿ ನೆಲೆಯಾಯಿತು. ಅಜ್ಜನ ಮನೆಯವರು ಹೊರಟ ದಿನ ಒಂದು ಲಾರಿಯಲ್ಲಿ ಹಿಡಿದಷ್ಟೇ ಸಾಮಾನು ಬಂತು. ಒರಳು ಅಲ್ಲೇ ಉಳಿಯಿತು. ಈ ಹದಿನಾಲ್ಕು ಟ್ರಿಪ್ಪಿನಲ್ಲಿ ಆ ಅಣೆಕಟ್ಟಿರುವ ಗಣೇಶಗುಡಿ ಹತ್ತಿರ ಬಂದಾಗಲೆಲ್ಲ ಅಮ್ಮ ಮಾತು ನಿಲ್ಲಿಸುತ್ತಿದ್ದಳು. ಹನ್ನೊಂದನೆಯ ಸಲ ಮಾತ್ರ, "ಈ ಸಲ ಒರಳು ತಂದೆವಲ್ಲ" ಎಂದಳು. ನಮ್ಮ ಮನೆಯ ಒರಳು ಆಗ ಹಿಂದೆ ಗೋಣಿಚೀಲದ ಮೇಲೆ, ಹಗ್ಗ ಬಿಗಿದು ಕೂತಿತ್ತು. ಯಾವುದನ್ನು ಒಯ್ಯಬೇಕು, ಯಾವುದನ್ನು ನೆರೆಮನೆಗೆ ಕೊಡಬೇಕು, ಯಾವುದನ್ನು ಅಲ್ಲೇ ಬಿಡಬೇಕು ಎಂದು ಅಮ್ಮ ಈ ಸಲ ತಾನೇ ನಿರ್ಧರಿಸಿದಳು, ಅವಸರವಿಲ್ಲದೆ.

ಈ ಬೇಸಿಗೆಯಲ್ಲಿ ಮನೆ ಬಿಡುವವರಿದ್ದರೆ ಈಗಲೇ ಗಾಡಿ ನೋಡಲು ಶುರು ಮಾಡಿ. ಒಂದೇ ಊರಿನ ಎರಡು ಮೂರು ಮನೆಯವರು ಹೊರಡುವುದಾದರೆ ಒಬ್ಬರು ಕೊಂಡರೆ ಸಾಕು. ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ, ನೆಲದ ತಗಡು ತಟ್ಟಿಸಿ ನೋಡಿ. ಫಾರಂ 29, 30ಕ್ಕೆ ಸಹಿ ಬಿದ್ದು ಇನ್ಶೂರೆನ್ಸ್ ಸರಿಯಾಗುವವರೆಗೆ ಒಂದು ಚೀಲವನ್ನೂ ಏರಿಸಬೇಡಿ. ಜೂನ್ ಹೊತ್ತಿಗೆ ನಮ್ಮ ಹಳ್ಳದಲ್ಲಿ ನೀರು ಏರುತ್ತದೆ.