ಶಾಲಿನ ಜೊತೆಗೆ ಶಾಲೆಯ ಮಾತು

2022ರ ಮಾರ್ಚ್‌ನಲ್ಲಿ ಮುಂಬಯಿ ಮಹಾನಗರ ಪಾಲಿಕೆಯ ಅವಧಿ ಮುಗಿದ ಮೇಲೆ ಸುಮಾರು ನಾಲ್ಕು ವರ್ಷ ಆಡಳಿತಾಧಿಕಾರಿಯದೇ ಕಾರುಬಾರು. ನಳ್ಳಿ ನೀರು, ಗಟಾರದ ದೂರು ಹಿಡಿದು ವಾರ್ಡ್ ಕಚೇರಿಗೆ ಅಲೆದವರಿಗೆ ಅದರ ಬಿಸಿ ಗೊತ್ತು. 2026ರ ಜನವರಿಯ ಚುನಾವಣೆಯಿಂದ 227 ವಾರ್ಡುಗಳಿಗೆ ಮತ್ತೆ ನಗರ ಸೇವಕರು ಬಂದಿದ್ದಾರೆ.

ಪಾಲಿಕೆ ನಡೆಸುವ ಶಾಲೆಗಳಲ್ಲಿ ಕನ್ನಡ ಮಾಧ್ಯಮದವೂ ಇವೆ. ಹಗಲು ಹೊಟೇಲಿನಲ್ಲಿ ದುಡಿದವರ ಎಷ್ಟೋ ಮಕ್ಕಳು ಅಲ್ಲೇ ಅಕ್ಷರ ಕಲಿತರು. ವರ್ಷದಿಂದ ವರ್ಷಕ್ಕೆ ಅಲ್ಲಿ ಮಕ್ಕಳು ಕಡಿಮೆಯಾದುದು ಪಾಲಿಕೆಯೊಂದರ ತಪ್ಪಲ್ಲ. ವೇದಿಕೆಯಲ್ಲಿ ಕನ್ನಡದ ಬಗ್ಗೆ ಭಾಷಣ ಬಿಗಿಯುವವರ ಮಕ್ಕಳೂ ಇಂಗ್ಲಿಷ್ ಶಾಲೆಗೇ ಹೋದರು! ಆದರೂ ಇರುವ ಬಡ ಮಕ್ಕಳಿಗೆ ಕನ್ನಡ ಬಲ್ಲ ಶಿಕ್ಷಕರು ಬೇಕೇ ಬೇಕು. ತುಳು-ಕನ್ನಡಿಗರ ಸಂಘಗಳು ನಗರ ಸೇವಕರಿಗೆ ಸನ್ಮಾನದ ಶಾಲು ಹೊದೆಸುವಾಗ ಈ ಮನವಿಯನ್ನೂ ಬರೆದು ಕೈಗೆ ಕೊಡಲಿ.